ಕರಾವಳಿಯ ರೈಲು ಗಟ್ಟ ಹತ್ತಿದಾಗ

ಮಂಗಳೂರಿನಿಂದ ರೈಲಿನಲ್ಲಿ ಮುಂಬೈಗೆ ಹೋಗುವವರು ಸಹ್ಯಾದ್ರಿಯನ್ನು ದಾಟುವುದಿಲ್ಲ. ಬಲಗಡೆ ಬೆಟ್ಟ, ಎಡಗಡೆ ಕಡಲು. ಆ ಬೆಟ್ಟದ ಬುಡ ಹಿಡಿದೇ ಕೊನೆಯವರೆಗೂ ಓಡುತ್ತಾರೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆದ ಮೇಲೆ ಹುಟ್ಟಿದ ನಮ್ಮ ಮಕ್ಕಳಿಗೆ ಈ ದಾರಿ ಬಾಯಿಪಾಠ. ಹೊನ್ನಾವರದಲ್ಲಿ ಶರಾವತಿಯ ಎರಡು ಕಿಲೋಮೀಟರ್ ಉದ್ದದ ಸೇತುವೆ, ಕಾರವಾರದ ಕಾಳಿ, ರತ್ನಾಗಿರಿಯ ಹತ್ತಿರ ಆರೂವರೆ ಕಿಲೋಮೀಟರಿನ ಕರಬುಡೆ ಸುರಂಗ. ಬೆಟ್ಟ ಸದಾ ಕಿಟಕಿಯಾಚೆ ಮೋಡ ಹೊದ್ದು ನಿಂತಿರುತ್ತದೆ. ಅದರ ಆಚೆ ಏನಿದೆಯೆಂದು ಈ ರೈಲು ತೋರಿಸುವುದಿಲ್ಲ.

ಆದರೆ ಮಳೆಗಾಲಕ್ಕೆ ತನ್ನದೇ ವೇಳಾಪಟ್ಟಿ ಇದೆ. 2024ರ ಜುಲೈಯಲ್ಲಿ ಉತ್ತರ ಗೋವಾದ ಪೆರ್ನೆಂ ಸುರಂಗದೊಳಗೆ ಕೆಸರುನೀರು ಉಕ್ಕಿದಾಗ ಈ ಮಾರ್ಗ ಬಂದ್ ಆಯಿತು. ಎಷ್ಟೋ ಗಾಡಿಗಳು ರದ್ದಾದವು, ಕೆಲವು ಬೇರೆ ದಾರಿ ಹಿಡಿದವು. ಹಾಗೆ ದಾರಿ ಮುಚ್ಚಿದಾಗ ಮಡಗಾಂವಿನವರೆಗೆ ಬಂದ ಗಾಡಿಗೆ ಒಂದು ಉಪಾಯವಿದೆ: ಪೂರ್ವಕ್ಕೆ ತಿರುಗಿ ಗಟ್ಟ ಹತ್ತುವುದು, ಲೋಂಡಾ, ಬೆಳಗಾವಿ, ಮೀರಜ್, ಪುಣೆ ಸುತ್ತಿ ಮುಂಬೈ ಸೇರುವುದು. ಅಂಥದೊಂದು ಮಳೆಗಾಲದಲ್ಲಿ, ಉತ್ತರದಲ್ಲೆಲ್ಲೋ ಹಳಿಯ ಮೇಲೆ ಮಣ್ಣು ಕುಸಿದ ದಿನ, ಆ ಭಾಗ್ಯ ನಾನಿದ್ದ ಗಾಡಿಗೂ ಬಂತು. ಭಾಗ್ಯ ಎಂದೇ ಹೇಳುತ್ತೇನೆ. ಮುಂಬೈಯಲ್ಲಿ ಕೆಲಸವಿದ್ದವರಿಗೆ ಅದು ಕಷ್ಟವೇ ಆಗಿತ್ತು, ಅವರ ಫೋನುಗಳು ಒಂದೇ ಸಮನೆ ದೂರು ಹೇಳುತ್ತಿದ್ದವು. ನನಗೆ ಮಾತ್ರ ಮಡಗಾಂವಿನ ಪ್ಲಾಟ್‌ಫಾರಂನಲ್ಲಿ ಎದೆ ಹಾರುತ್ತಿತ್ತು.

ಮಡಗಾಂವಿನಲ್ಲಿ ಎಂಜಿನ್ ಕಳಚಿಕೊಂಡು ಗಾಡಿಯ ಇನ್ನೊಂದು ತುದಿಗೆ ಬಂತು. ಅಲ್ಲಿಯವರೆಗೆ ಮುಂದಕ್ಕೆ ಮುಖ ಮಾಡಿ ಕೂತಿದ್ದವರೆಲ್ಲ ಈಗ ಹಿಮ್ಮುಖವಾದರು. ಎದುರು ಸೀಟಿನಲ್ಲಿ ಕುಂದಾಪುರದ ಒಬ್ಬ ಅಜ್ಜಿ, ಡೊಂಬಿವಲಿಯ ಮಗಳ ಮನೆಗೆ ಹೊರಟವರು, ಗಾಬರಿಯಾಗಿ ಕೇಳಿದರು: "ಎಂತ ಮಾರ್ರೆ, ಗಾಡಿ ಊರಿಗೇ ವಾಪಸ್ ಹೊರಟಿತಾ?" ಇಲ್ಲ ಅಮ್ಮ, ಗಟ್ಟ ಹತ್ತುತ್ತದೆ ಎಂದೆ. ಅವರು ಸೆರಗು ಸರಿಮಾಡಿಕೊಂಡು ಕಿಟಕಿಗೆ ಹತ್ತಿರವಾದರು.

ಸಾವರ್ಡೆ ದಾಟುವವರೆಗೆ ತೋಟ, ಗದ್ದೆ, ಅದಿರಿನ ಕೆಂಪು ಧೂಳು ಮೆತ್ತಿದ ಯಾರ್ಡುಗಳು. ಆಮೇಲೆ ಕುಲೆಂ. ಇಲ್ಲಿ ಎಲ್ಲ ಗಾಡಿಗಳೂ ನಿಲ್ಲಲೇಬೇಕು, ಏಕೆಂದರೆ ಇಲ್ಲಿಂದ ಕ್ಯಾಸಲ್‌ರಾಕ್‌ವರೆಗೆ ಸುಮಾರು 26 ಕಿಲೋಮೀಟರ್ ಮೂವತ್ತೇಳಕ್ಕೆ ಒಂದರ ಏರು: ಮೂವತ್ತೇಳು ಮೀಟರ್ ಮುಂದೆ ಸಾಗಿದರೆ ಒಂದು ಮೀಟರ್ ಮೇಲೆ. ಕೇಳಲು ಸಣ್ಣದು. ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ, ಅದೂ ಮಳೆಯಲ್ಲಿ ನೆನೆದ ಹಳಿಯ ಮೇಲೆ, ಇಪ್ಪತ್ತಕ್ಕೂ ಹೆಚ್ಚು ಬೋಗಿ ಎಳೆಯುವಾಗ ಅದು ಭಾರಿ ಏರು. ಅಷ್ಟೂ ಭಾರವನ್ನು ಮುಂದಿನಿಂದಲೇ ಎಳೆದರೆ ಬೋಗಿಗಳ ನಡುವಿನ ಕೊಂಡಿಗಳ ಮೇಲೆ ವಿಪರೀತ ಜಗ್ಗು ಬೀಳುತ್ತದೆ. ಅದಕ್ಕೇ ಗಾಡಿಯ ಬೆನ್ನಿಗೆ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಮುಂದಿನದು ಎಳೆಯುತ್ತದೆ, ಹಿಂದಿನವು ನೂಕುತ್ತವೆ. ಹಿಂದಿನಿಂದ ಬಂದ ಮೊದಲ ನೂಕು ನನ್ನ ಮೈಗೂ ತಾಗಿತು.

ಈ ಏರುದಾರಿಯ ಹೆಸರು ಬ್ರಗಾಂಝಾ ಘಾಟ್. ಪೋರ್ಚುಗಲ್ಲಿನ ರಾಜಮನೆತನದ ಹೆಸರು ನಮ್ಮ ಕಾಡಿಗೆ ಅಂಟಿಕೊಂಡಿದೆ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಒಳನಾಡಿನ ಸರಕು ಮುರಗಾಂವ್ ಬಂದರಿಗೆ ಇಳಿಯಬೇಕು ಎಂಬುದು ಅದರ ಹಿಂದಿನ ಆಸೆ. 1888ರ ಹೊತ್ತಿಗೆ ಗಡಿಯವರೆಗೆ ಮೀಟರ್‌ಗೇಜ್ ಹಳಿ ಬಂತು, ಆಚೆಯಿಂದ ಸದರ್ನ್ ಮರಾಠಾ ರೈಲ್ವೆ ಬಂದು ಕ್ಯಾಸಲ್‌ರಾಕ್‌ನಲ್ಲಿ ಕೂಡಿತು. ಯಂತ್ರ ಕಡಿಮೆ, ಜ್ವರ ಜಾಸ್ತಿ ಇದ್ದ ಕಾಲ ಅದು. ಈ ಬಂಡೆಗಳನ್ನು ಸೀಳಿ ಸುರಂಗ ಮಾಡಿದ ಕೂಲಿಯವರನ್ನು ನೆನೆಯದೆ ಈ ದಾರಿಯಲ್ಲಿ ಹೋಗುವುದು ನನ್ನಿಂದಾಗದು.

ಹುಬ್ಬಳ್ಳಿಯವರು, ಬೆಳಗಾವಿಯವರು ಇದನ್ನೋದಿ ನಕ್ಕಾರು. ವಾಸ್ಕೋ ಗಾಡಿಯಲ್ಲಿ ಅವರು ಬೇಕಾದಾಗ ಇಲ್ಲಿ ಓಡಾಡುತ್ತಾರೆ. ಆದರೆ ಕರಾವಳಿಯ ಕಣ್ಣಿಗೆ ಇದು ಅಪೂರ್ವ. ಭೋರ್ ಘಾಟ್‌ನಿಂದ ದಕ್ಷಿಣಕ್ಕೆ ಪಾಲಕ್ಕಾಡಿನ ಕಣಿವೆಯವರೆಗೆ ಸಹ್ಯಾದ್ರಿಯನ್ನು ಅಡ್ಡ ದಾಟುವ ಹಳಿಗಳು ಎರಡೇ: ಒಂದು ಸಕಲೇಶಪುರ–ಸುಬ್ರಹ್ಮಣ್ಯದ್ದು, ಇನ್ನೊಂದು ಇದು.

ಸೋನಾಲಿಂ ಕಳೆದ ಮೇಲೆ ಮಾತು ನಿಂತಿತು. ಸುರಂಗ, ಬೆಳಕು, ಮತ್ತೆ ಸುರಂಗ. ಕಾಡಿನ ಹಸಿರು ಎಷ್ಟು ದಟ್ಟವೆಂದರೆ ಬೋಗಿಯೊಳಗಿನವರ ಮುಖಕ್ಕೂ ಅದರ ಬಣ್ಣ ಬಂದಿತ್ತು. ಕಡಿದ ಬಂಡೆಯಿಂದ ನೀರು ನೇರ ಕಿಟಕಿಯ ಸರಳುಗಳ ಮೇಲೆ ಸುರಿಯುತ್ತಿತ್ತು. ಗಾಡಿ ನಡಿಗೆಗಿಂತ ತುಸು ಜೋರಾಗಿ ಹೋಗುತ್ತಿದ್ದುದರಿಂದ ಒಂದೊಂದು ಜರಿಗಿಡವನ್ನೂ ನೋಡಲು ಪುರುಸೊತ್ತಿತ್ತು. ಹಳಿಯ ಪಕ್ಕ ಗೋಣಿಯ ಕೊಪ್ಪೆ ಹೊದ್ದ ಗ್ಯಾಂಗ್‌ಮನ್ ಒಬ್ಬ, ಕೈಯಲ್ಲಿ ಬಾವುಟ ಹಿಡಿದು, ನಮ್ಮ ಗಾಡಿಯ ಚಕ್ರಗಳನ್ನೇ ನೋಡುತ್ತ ನಿಂತಿದ್ದ. ನಮಗೆ ಜಲಪಾತ, ಅವನಿಗೆ ಜವಾಬ್ದಾರಿ. 2021ರ ಜುಲೈ 23ರಂದು ಇದೇ ಸೋನಾಲಿಂ–ದೂಧ್‌ಸಾಗರ ನಡುವೆ ಗುಡ್ಡ ಜರಿದು, ನಮ್ಮ ಹಾಗೆಯೇ ದಾರಿ ಬದಲಿಸಿ ಬಂದಿದ್ದ ಮಂಗಳೂರು–ಮುಂಬೈ ಗಾಡಿಯೊಂದು ಹಳಿ ತಪ್ಪಿತ್ತು. ಪ್ರಯಾಣಿಕರು ಪಾರಾದರು. ಮಳೆಯಲ್ಲಿ ಹಳಿ ಕಾಯುವವರ ಬೆಲೆ ಇಲ್ಲಿ ಬಂದರೆ ತಿಳಿಯುತ್ತದೆ.

ತಿರುವಿನಲ್ಲಿ ಕಣಿವೆಯಾಚೆ ಬಿಳಿಯದೊಂದು ಕಂಡಿತು. ಮಂಜು ಅಂದುಕೊಂಡೆ. ಅದು ಅಲುಗುತ್ತಿತ್ತು. 310 ಮೀಟರ್ ಎತ್ತರದಿಂದ ಹಂತ ಹಂತವಾಗಿ ಇಳಿಯುವ ದೂಧ್‌ಸಾಗರದ ಮೈಮೇಲೆ ಅಡ್ಡಲಾಗಿ ಒಂದು ಕಮಾನು ಸೇತುವೆ. ನಾವು ಹೋಗಬೇಕಾದ ದಾರಿಯೇ ಅದು. ನೋಡುನೋಡುತ್ತ ನಮ್ಮ ಎಂಜಿನ್ ಅಲ್ಲಿಗೆ ತಲುಪಿತು, ಆಮೇಲೆ ನಾವೂ. ಸದ್ದಿನಲ್ಲಿ ಕಿವಿ ತುಂಬಿಹೋಯಿತು. ತಲೆಯ ಮೇಲಿನಿಂದ ಬಿದ್ದ ನೀರು ಗಾಡಿಯ ಕೆಳಗೆ ನುಗ್ಗಿ ಆಚೆ ಬದಿಯಲ್ಲಿ ಮತ್ತೆ ಬೀಳುತ್ತಿತ್ತು. ತುಂತುರು ಬೋಗಿಯ ತುಂಬ. ಫೋನು ಎತ್ತಿ ಹಿಡಿದಿದ್ದವರ ಕೈಗಳು ಎತ್ತಿದ ಹಾಗೇ ಇದ್ದವು, ಕಣ್ಣು ಮಾತ್ರ ಪರದೆ ಬಿಟ್ಟು ಹೊರಗಿತ್ತು. ಅಜ್ಜಿ ಕೈ ಹೊರಚಾಚಿ ಅಂಗೈ ಒದ್ದೆ ಮಾಡಿಕೊಂಡು ಕಣ್ಣಿಗೊತ್ತಿಕೊಂಡರು. "ಇಷ್ಟು ವರ್ಷ ಇದರ ಬುಡದಲ್ಲೇ ಹೋಯ್ತಿದ್ದೆ, ಕಂಡದ್ದೇ ಇಲ್ಲ," ಎಂದರು.

ಆ ನೀರು ಖಾಂಡೇಪಾರ್ ಹೊಳೆಯಾಗಿ ಮಾಂಡೋವಿಗೆ ಸೇರುತ್ತದೆ. ಮಾಂಡೋವಿ ಅಂದರೆ ನಮ್ಮ ಮಹದಾಯಿ. ಈ ಕಾಡಿನಲ್ಲಿ ಎರಡನೇ ಹಳಿ ಹಾಕುವ ಯೋಜನೆಗೆ ಗೋವಾದಲ್ಲಿ ದೊಡ್ಡ ವಿರೋಧ ಎದ್ದಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಸಿಕ್ಕಿದ್ದ ವನ್ಯಜೀವಿ ಅನುಮತಿಯನ್ನು ತಳ್ಳಿಹಾಕಿತು. ರೈಲನ್ನು ಪ್ರೀತಿಸುವವನಾಗಿಯೂ ಆ ತೀರ್ಪು ನನಗೆ ಸಮಾಧಾನ ತಂದಿದೆ. ಒಂಟಿ ಹಳಿಯಲ್ಲಿ ಎದುರು ಗಾಡಿಗಾಗಿ ಕಾಯುವ ಹೊತ್ತು ಇಲ್ಲಿ ದಂಡವಲ್ಲ. ಕಾರಂಜೋಲ್‌ನಲ್ಲಿ ನಾವು ಹಾಗೆ ಕಾದೆವು. ಎಂಜಿನ್ ಸದ್ದು ತಗ್ಗಿದಾಗ ಜೀರುಂಡೆಗಳ ದನಿ ಮೇಲೆದ್ದಿತು.

ಕ್ಯಾಸಲ್‌ರಾಕ್ ಬಂದಾಗ ಕರ್ನಾಟಕ ಮತ್ತೆ ಬಂತು, ಉತ್ತರ ಕನ್ನಡ ಜಿಲ್ಲೆಯೂ ಮತ್ತೆ ಬಂತು. ಬೆಳಿಗ್ಗೆ ಕಾರವಾರದಲ್ಲಿ ಬಿಟ್ಟು ಬಂದಿದ್ದ ಜಿಲ್ಲೆಯನ್ನು ಗೋವಾ ಸುತ್ತಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರದಲ್ಲಿ ಪುನಃ ಹೊಕ್ಕಿದ್ದೆವು. 1961ರಲ್ಲಿ ಗೋವಾ ವಿಮೋಚನೆಯಾಗುವ ತನಕ ಇದು ಎರಡು ಆಡಳಿತಗಳ ಗಡಿ, ಸುಂಕದವರು ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದ ಜಾಗ. ಬ್ಯಾಂಕರ್‌ಗಳು ಇಲ್ಲಿ ಕಳಚಿಕೊಂಡವು. ಗಾಳಿ ತಣ್ಣಗಿತ್ತು.

ಲೋಂಡಾದಲ್ಲಿ ಎಂಜಿನ್ ಮತ್ತೊಮ್ಮೆ ತುದಿ ಬದಲಿಸಿತು. ಹಿಮ್ಮುಖವಾಗಿದ್ದ ನಾವು ಪುನಃ ಮುಂದಕ್ಕೆ ಮುಖವಾದೆವು. ಪ್ಲಾಟ್‌ಫಾರಂನಲ್ಲಿ ಚಹಾದವನು ಬೋಗಿಯ ಬೋರ್ಡು ಓದಿ ಬೆರಗಾಗಿ ಕೇಳಿದ: "ಈ ಗಾಡಿ ಇಲ್ಲಿ ಹೆಂಗ್ ಬಂತ್ರೀ?" ಸಮುದ್ರದ ಕಡೆ ದಾರಿ ಬಂದಾಗಿದೆ ಎಂದೆವು. "ಛಲೋ ಆತು ಬಿಡ್ರಿ, ನಮ್ಮೂರು ನೋಡಿದ್ರಿ," ಎಂದು ಕಪ್ಪು ಕೈಗಿತ್ತ.

ಅಲ್ಲಿಂದ ಮುಂದಿನದು ನಾನು ನಿರೀಕ್ಷಿಸಿರದ ಅಚ್ಚರಿ. ಖಾನಾಪುರದ ಬಳಿ ಮಲಪ್ರಭಾ ಸಿಕ್ಕಿತು, ಕೆಂಪಗೆ, ತುಂಬಿಕೊಂಡು. ಮಧ್ಯಾಹ್ನ ನಮ್ಮನ್ನು ನೆನೆಸಿದ ನೀರು ಪಶ್ಚಿಮದ ಕಡಲಿಗೆ ಇಳಿದಿತ್ತು. ಈ ನೀರು ಪೂರ್ವಕ್ಕೆ ಹೊರಟಿದೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ಸಮುದ್ರಗಳಿಗೆ ಹೋಗುತ್ತವೆ ಎಂದು ಶಾಲೆಯಲ್ಲಿ ಓದಿದ್ದೆ. ಒಂದೇ ಕಿಟಕಿಯಿಂದ, ಒಂದೇ ಮಧ್ಯಾಹ್ನ ಅದನ್ನು ಕಂಡದ್ದು ಈಗ. ಆಮೇಲೆ ಘಟಪ್ರಭಾ, ಕುಡಚಿಯ ಹತ್ತಿರ ಕತ್ತಲಲ್ಲಿ ಕೃಷ್ಣೆ, ಬರೀ ಸೇತುವೆಯ ಸದ್ದಾಗಿ. ಬೆಳಗಾವಿಯಲ್ಲಿ ಕುಂದಾ ಕೊಂಡವರು ಡಬ್ಬಿ ಬಿಚ್ಚಿ ಎಲ್ಲರಿಗೂ ಹಂಚಿದರು, ಅಜ್ಜಿ ತಮ್ಮ ಚೀಲದಿಂದ ಒಣಸೀಗಡಿ ಚಟ್ನಿಯ ಬಾಟಲಿ ತೆಗೆದರು. ಸತಾರಾ, ಪುಣೆ ನಿದ್ದೆಯಲ್ಲಿ ಕಳೆದವು.

ನಸುಕಿನಲ್ಲಿ ಲೋನಾವಳ ದಾಟುವಾಗ ಎಚ್ಚರವಾಯಿತು. ಕುಲೆಂನಲ್ಲಿ ಹತ್ತಿದ ಅದೇ ಸಹ್ಯಾದ್ರಿಯನ್ನು ಈಗ ಭೋರ್ ಘಾಟ್‌ನಲ್ಲಿ ಇಳಿಯುತ್ತಿದ್ದೆವು. 1863ರಲ್ಲಿ ತೆರೆದ ಇಳಿಜಾರು, ಇದೂ ಮೂವತ್ತೇಳಕ್ಕೆ ಒಂದರದ್ದೇ. ಬುಡದಲ್ಲಿ ಓಡಿಹೋಗಬೇಕಿದ್ದ ಗಾಡಿ ಬೆಟ್ಟವನ್ನು ಒಂದು ಕಡೆ ಏರಿ, ಅದರ ಬೆನ್ನ ಹಿಂದಿನ ನಾಡನ್ನೆಲ್ಲ ತೋರಿಸಿ, ಇನ್ನೊಂದು ಕಡೆ ಇಳಿಸಿತ್ತು. ಕರ್ಜತ್‌ನಲ್ಲಿ ವಡಾಪಾವ್‌ನವರು ಕಿಟಕಿಗೆ ಬಂದರು. ಅಜ್ಜಿ ಮಗಳಿಗೆ ಫೋನು ಹಚ್ಚಿ, ತಡವಾದದ್ದರ ಬಗ್ಗೆ ಒಂದು ಮಾತೂ ಆಡದೆ, ಹೊಳೆಯ ಸುದ್ದಿಯಿಂದಲೇ ಶುರುಮಾಡಿದರು. ಕಲ್ಯಾಣ್ ಬರುವವರೆಗೂ ಅವರು ಇನ್ನೂ ಮಲಪ್ರಭೆಯವರೆಗೆ ಮುಟ್ಟಿರಲಿಲ್ಲ.