ತಿಂಡಿ ಬೀದಿಗೆ ಕರೆಯೋದು ಹಸಿವೊಂದೇ ಅಲ್ಲ

ನ್ಯಾಷನಲ್ ಕಾಲೇಜ್ ಮೆಟ್ರೋ ಇಳಿದು ಸಜ್ಜನ್ ರಾವ್ ಸರ್ಕಲ್ ಕಡೆ ನಡೆದರೆ, ತಿಂಡಿ ಬೀದಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತೆ. ಬೆಂಗಳೂರಿನ ವಿ.ವಿ. ಪುರಂನ ಈ ಚಿಕ್ಕ ರಸ್ತೆಗೆ ಜೀವ ಬರೋದೇ ಸಂಜೆ. ಹತ್ತಿರದಲ್ಲೇ 1953ರಿಂದ ಇರೋ ವಿ.ಬಿ. ಬೇಕರಿಯ ಖಾರಾ ಬನ್. ಮುಂದೆ ಹೋದಂತೆ ಕಾವಲಿ ಮೇಲೆ ದೋಸೆ, ಹೋಳಿಗೆ, ಪಡ್ಡು. ಜನವರಿ ಬಂದರೆ ಎಲ್ಲೆಲ್ಲೂ ಅವರೆಕಾಳಿನ ಘಮ. ಅವುಗಳ ಪಕ್ಕದಲ್ಲೇ ಈಗ ಗೋಬಿ ಮಂಚೂರಿ, ಚೀಸ್ ಸುರಿದ ಸ್ಯಾಂಡ್‌ವಿಚ್, ಕಡ್ಡಿಗೆ ಸುತ್ತಿ ಕರಿದ ಆಲೂಗಡ್ಡೆ.

ಒಂದರ್ಧ ಗಂಟೆ ನಿಂತು ಜನರನ್ನೇ ನೋಡಿ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್, ಕೈಯಲ್ಲಿ ತಟ್ಟೆ, ನನ್ನಂಥ ಹುಡುಗಿಯರು ಎಷ್ಟೊಂದು! ನಮ್ಮ ಅಜ್ಜಿಯರ ಕಾಲದಲ್ಲಿ ಹೆಂಗಸರು ಹೋಟೆಲಿಗೆ ಹೋಗೋದೇ ಅಪರೂಪ. ಹೋದರೂ ಮನೆಯವರ ಜೊತೆ ‘ಫ್ಯಾಮಿಲಿ ರೂಮ್’ ಒಳಗೆ ಕೂರೋದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ, ನಿಂತು ತಿನ್ನುವ ದರ್ಶಿನಿಗಳು ಊರೆಲ್ಲ ಹಬ್ಬಿದವು. ಟೋಕನ್ ತಗೋ, ಹತ್ತು ನಿಮಿಷದಲ್ಲಿ ತಿನ್ನು, ಹೊರಡು. ಒಬ್ಬಳೇ ಯಾಕೆ ಬಂದೆ ಅಂತ ಯಾರೂ ಕೇಳಲ್ಲ. ತಿಂಡಿ ಬೀದಿಯಲ್ಲೂ ಅದೇ ನಿರಾಳ.

ಹಾಗಾಗಿ ‘ಈಗಿನ ಹೆಣ್ಮಕ್ಕಳಿಗೆ ಬಾಯಿಚಪಲ’ ಅಂತ ಒಂದೇ ಮಾತಲ್ಲಿ ಮುಗಿಸೋಕಾಗಲ್ಲ. ಮನೆಯವರಿಗೆಲ್ಲ ಬಿಸಿಬಿಸಿ ದೋಸೆ ಹಾಕಿಕೊಟ್ಟು, ಕೊನೆಗೆ ಉಳಿದದ್ದನ್ನು ತಿನ್ನೋದು ಎಷ್ಟೋ ಅಮ್ಮಂದಿರ, ಸೊಸೆಯರ ದಿನಚರಿ. ಇಲ್ಲಿ ಮಾತ್ರ ಕಾವಲಿಯಿಂದ ಎತ್ತಿದ ದೋಸೆ ನೇರ ಅವಳ ಕೈಗೆ ಬರುತ್ತೆ. ಪಾತ್ರೆ ತೊಳೆಯೋ ಚಿಂತೆಯೂ ಇಲ್ಲ. ಪಿ.ಜಿ.ಯಲ್ಲಿರೋ ಹುಡುಗಿಗೆ ಒಲೆಯೇ ಇಲ್ಲ.

ಇದರ ಮೇಲೆ ಮನಸ್ಸಿನ ಲೆಕ್ಕ ಬೇರೆ. ಮಧ್ಯಾಹ್ನದ ಊಟ ಮೀಟಿಂಗ್‌ಗೆ ಬಲಿ, ರಾತ್ರಿ ನಿದ್ದೆ ಅರ್ಧಂಬರ್ಧ. ನಿದ್ದೆಗೆಟ್ಟರೆ ಹಸಿವು ಜಾಸ್ತಿಯಾಗುತ್ತೆ, ಒತ್ತಡದಲ್ಲಿದ್ದಾಗ ನಾಲಿಗೆ ಸಿಹಿ, ಕರಿದ ತಿಂಡಿಯನ್ನೇ ಬೇಡುತ್ತೆ. ಮದುವೆ ಮನೆಯಲ್ಲಿ ಯಾರೋ ‘ದಪ್ಪ ಆಗಿದ್ಯಲ್ಲೇ’ ಅಂದರು ಅಂತ ಬೆಳಗಿನ ತಿಂಡಿ ಬಿಟ್ಟವಳು, ಸಂಜೆ ಎರಡು ಪ್ಲೇಟ್ ಮುಗಿಸ್ತಾಳೆ. ಗೆಳತಿಯರ ಗುಂಪಿದ್ದರಂತೂ ‘ಇದೊಂದು ಟ್ರೈ ಮಾಡೋಣ ಕಣೇ’ ಅನ್ನೋದು ಮುಗಿಯೋದೇ ಇಲ್ಲ.

ಆದರೆ ಮೈ ನಮ್ಮ ಕಾರಣ ಕೇಳಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಶೇ 30ರಷ್ಟು ಮಂದಿಗೆ ತೂಕ ಜಾಸ್ತಿ. ಮೈದಾ, ಎಣ್ಣೆ ಹೊಟ್ಟೆ ತುಂಬಿಸುತ್ತವೆ, ಬೇಕಾದ ಕಬ್ಬಿಣಾಂಶ ಕೊಡಲ್ಲ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸಾಸ್, ಚಿಪ್ಸ್, ಚೀಸ್ ಸೇರಿದರೆ ಆ ಮಿತಿ ದಾಟೋಕೆ ಹೊತ್ತು ಬೇಡ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2024ರ ಮಾರ್ಚ್‌ನಲ್ಲಿ. ಈಗಲೂ ಕೆಂಪಗೆ ಮಿಂಚೋ ಗೋಬಿ ಕಂಡರೆ ಮುಂದೆ ನಡೀರಿ.

ಬೀದಿಗೆ ಬರೋದು ಬಿಡಿ ಅಂತ ಹೇಳ್ತಿಲ್ಲ. ಮಧ್ಯಾಹ್ನದ ಊಟ ಮಾತ್ರ ಬಿಡಬೇಡಿ. ಬರೋ ಮುಂಚೆ ಒಂದು ಹಿಡಿ ಕಡಲೆಬೀಜ ಬಾಯಿಗೆ ಹಾಕಿಕೊಳ್ಳಿ, ಕರಿದದ್ದು ಒಂದೇ ಪ್ಲೇಟ್ ತಗೊಂಡು ಹಂಚಿಕೊಳ್ಳಿ. ಮನೆಯವರಿಗೂ ಒಂದು ಮಾತು: ವಾರಕ್ಕೆರಡು ದಿನ ಅವಳನ್ನು ಮೊದಲು ಕೂರಿಸಿ, ನೀವು ದೋಸೆ ಹಾಕಿ. ಆಗ ಅವಳು ತಿಂಡಿ ಬೀದಿಗೆ ಬರೋದು ಬರೀ ರುಚಿಗಾಗಿ.