ಸುಮ್ನೆ ಕೂತ ದಿನ

1/6
ಶ್ರೀಲಂಕಾ ಸರಣಿ, ಮೂರನೇ ದಿನ. ಮೊದಲೆರಡು ಪೋಸ್ಟ್ ಓದಿದವರಿಗೆ ಗೊತ್ತು, ಇದು ನನ್ನ ಟ್ರಿಪ್ ಅಲ್ಲ. ಅಪ್ಪ-ಅಮ್ಮನ ಮದುವೆಗೆ 25 ವರ್ಷ ತುಂಬಿತು ಅಂತ ಅಕ್ಕ ತನ್ನ ಸಂಬಳದಲ್ಲಿ ಅವರಿಬ್ಬರನ್ನ ಕಳಿಸಿದ್ದು. ನಾನು ಬಂದಿರೋದು ಫಾರಂ ತುಂಬೋಕೆ, ಇಂಗ್ಲಿಷ್ ಮಾತಾಡೋಕೆ, ಫೋಟೋ ತೆಗೆಯೋಕೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ: ಅಪ್ಪಂದು ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ಹೋದ ವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿದ್ರು. ರೆಸ್ಟ್ ತಗೊಳ್ಳಿ ಅಂದ ಡಾಕ್ಟರಿಗೆ ತಲೆ ಆಡಿಸಿ, ಹದಿನೈದನೇ ದಿನ ಮಂಡಿಗೆ ಹೋದ ಮನುಷ್ಯ. ಆವಾಗಿಂದ ಅಮ್ಮ ರಾತ್ರಿ ಎದ್ದು ಎದ್ದು ಅಪ್ಪನ ಉಸಿರು ನೋಡ್ತಾಳೆ. ಅಪ್ಪಂಗೆ ಇದು ಗೊತ್ತಿಲ್ಲ. ಅಪ್ಪ ಇನ್‌ಸ್ಟಾದಲ್ಲಿಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

2/6
ನಾವಿರೋದು ಉನವಟುನದಲ್ಲಿ. ಗಾಲೆ ಊರಿಂದ ಐದಾರು ಕಿಲೋಮೀಟರ್, ಅರ್ಧಚಂದ್ರದ ಹಾಗೆ ಬಾಗಿರೋ ಸಣ್ಣ ಬೀಚು. ಆವತ್ತಿನ ಪ್ಲಾನ್ ನಂದೇ: ಗಾಲೆ ಕೋಟೆ. 1588ರಲ್ಲಿ ಪೋರ್ಚುಗೀಸರು ಕಟ್ಟೋಕೆ ಶುರು ಮಾಡಿದ್ದು, ಆಮೇಲೆ ಡಚ್ಚರು ದೊಡ್ಡದು ಮಾಡಿದ್ದು. ಕೋಟೆಗೋಡೆ ಮೇಲೆ ನಿಂತರೆ ಕೆಳಗೆ ಕ್ರಿಕೆಟ್ ಸ್ಟೇಡಿಯಂ ಕಾಣುತ್ತೆ. 2010ರಲ್ಲಿ ಮುರಳೀಧರನ್ ನಮ್ಮ ಪ್ರಗ್ಯಾನ್ ಓಜಾನ ಔಟ್ ಮಾಡಿ 800ನೇ ವಿಕೆಟ್ ತಗೊಂಡಿದ್ದು ಅಲ್ಲೇ. ಅಪ್ಪಂಗೆ ಅದನ್ನ ನೋಡ್ಲೇಬೇಕಿತ್ತು. ಏಳು ಗಂಟೆಗೇ ಶೂ ಹಾಕಿ ರೆಡಿ.

ಗೆಸ್ಟ್‌ಹೌಸ್ ಆಂಟಿ ತಿಂಡಿಗೆ ಒತ್ತು ಶಾವಿಗೆ, ಕಾಯಿಹಾಲು ಹಾಕಿದ ಬೇಳೆ, ಪೊಲ್ ಸಂಬೋಲ ಕೊಟ್ರು. ಪೊಲ್ ಅಂದ್ರೆ ತೆಂಗಿನಕಾಯಿ. ಅದಕ್ಕೆ ಒಣಮೀನಿನ ಚೂರು ಹಾಕೋದು ಅಲ್ಲಿನ ರೂಢಿ, ನಮಗೋಸ್ಕರ ಹಾಕಿರಲಿಲ್ಲ. ಅಮ್ಮ ಚೂರು ನಾಲಿಗೆಗಿಟ್ಟು, "ನಮ್ಮ ಕಾಯಿ ಚಟ್ನಿನೇ ಕಣೇ, ರುಬ್ಬಿಲ್ಲ ಅಷ್ಟೆ" ಅಂದ್ಲು. ತಿಂದು ಎದ್ದವಳೇ ತಟ್ಟೆ ತೊಳೆಯೋಕೆ ಅಡುಗೆಮನೆಗೆ ಹೊರಟಳು. ಆಂಟಿ ಭುಜ ಹಿಡಿದು, ತಿರುಗಿಸಿ, ನಗ್ತಾ ಆಚೆ ಕಳಿಸಿದ್ರು.

3/6
ಆಟೋ ಬರೋಕೆ ಇನ್ನೂ ಹೊತ್ತಿತ್ತು. ಬೀಚಲ್ಲಿ ಒಬ್ಬ ತಂಬಿಲಿ ಮಾರ್ತಿದ್ದ. ತಂಬಿಲಿ ಅಂದ್ರೆ ಕಿತ್ತಳೆ ಬಣ್ಣದ ಎಳನೀರು, ಲಂಕಾದ ಸ್ಪೆಷಲ್. ಅಪ್ಪ ಹೋಗಿ ಒಂದನ್ನ ಕೈಗೆತ್ತಿಕೊಂಡು ತೂಕ ನೋಡಿದ್ರು, ಕಿವಿ ಹತ್ರ ಅಲ್ಲಾಡಿಸಿದ್ರು, ಬೆರಳಲ್ಲಿ ತಟ್ಟಿದ್ರು. ಒಂದಕ್ಕೆಷ್ಟು, ಒಂದು ಮರ ಎಷ್ಟು ಬಿಡುತ್ತೆ, ಕೀಳೋ ಕೂಲಿ ಎಷ್ಟು? ಎಲ್ಲಾ ನನ್ನ ಬಾಯಿಂದ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರು ರೂಪಾಯಿ ಮೇಲೆ ಬರುತ್ತಲ್ಲ, ಭಾಗಿಸಿ ಭಾಗಿಸಿ ನಂಗೇ ಸುಸ್ತು.

ಆಮೇಲೆ ಅಪ್ಪ ತಮ್ಮ ವ್ಯಾಪಾರದ ಕತೆ ಹೇಳಿದ್ರು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಂದ್ರೆ ಬಲಿತ ಕಾಯಿನ ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಹಂಗೇ ಬಿಡ್ತೀವಿ. ಒಳಗಿನ ನೀರು ತಾನಾಗೇ ಇಂಗಿ, ಕಾಯಿ ಕೊಬ್ಬರಿಯಾಗಿ ಚಿಪ್ಪಿನಿಂದ ಬಿಡುತ್ತೆ. ಆತ ನಂಬಲೇ ಇಲ್ಲ. ಹನ್ನೊಂದು ತಿಂಗಳಾ ಅಂತ ಎರಡು ಸಲ ಕೇಳಿದ. ಅಪ್ಪನ ಮುಖ ನೋಡ್ಬೇಕಿತ್ತು ನೀವು.

ಅಷ್ಟರಲ್ಲಿ ಮಂಡಿಯಿಂದ ಫೋನು. ಆವತ್ತು ಹರಾಜಿನ ದಿನ.

4/6
ಅಪ್ಪ ಮರಳಲ್ಲಿ ಹಿಂದೆ ಮುಂದೆ ಓಡಾಡ್ತಾ ಫೋನಲ್ಲಿ ಕೂಗ್ತಿದ್ರು. ಇಪ್ಪತ್ತು ನಿಮಿಷ ಆಯ್ತು. ಪಕ್ಕದ ಹೋಟೆಲಿನವರು ಎರಡು ಉದ್ದ ಕುರ್ಚಿ ಹಾಕಿದ್ರು, ಏನಾದ್ರೂ ತಗೊಂಡ್ರೆ ಕೂರೋಕೆ ದುಡ್ಡಿಲ್ಲ. ಅಮ್ಮ ಒಂದರ ತುದಿಯಲ್ಲಿ ಕೂತಿದ್ಲು, ಬಸ್ ಸ್ಟ್ಯಾಂಡಲ್ಲಿ ಕೂತ ಹಾಗೆ. ಇದ್ದಕ್ಕಿದ್ದ ಹಾಗೆ ಎದ್ದು ಹೋಗಿ ಅಪ್ಪನ ಎದುರು ನಿಂತಳು.

"ರೀ, ತೆಂಗಿನಕಾಯಿನ ಹನ್ನೊಂದು ತಿಂಗಳು ಸುಮ್ನೆ ಬಿಡ್ತೀರ. ನೀವು ಒಂದಿನ ಸುಮ್ನೆ ಕೂರೋಕಾಗಲ್ವಾ?"

ಜೋರಾಗಿ ಹೇಳಲಿಲ್ಲ. ಆದ್ರೆ ಅವಳ ಗಲ್ಲ ನಡುಗ್ತಿತ್ತು. ಅಪ್ಪ ಅವಳನ್ನೇ ನೋಡಿದ್ರು. ಫೋನಲ್ಲಿ "ನೀವೇ ನೋಡ್ಕೊಳ್ಳಿ" ಅಂತ ಹೇಳಿ ಕಟ್ ಮಾಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಆಟೋದವನಿಗೆ ಬೇಡ ಅನ್ನು ಮಗಾ."

"ಮತ್ತೆ ಸ್ಟೇಡಿಯಂ?"

"ನಾಳೆ ನೋಡೋಣ ಬಿಡು."

'ನಾಳೆ' ಅನ್ನೋದು ಬಾಕಿದಾರರು ಆಡೋ ಮಾತು ಅಂತ ನಂಬಿರೋ ಅಪ್ಪ!

ನಿಜ ಹೇಳ್ತೀನಿ, ನಂಗೆ ಒಂದು ಕ್ಷಣ ಬೇಜಾರಾಯ್ತು. ಬಿಕಾಂ ಹುಡುಗಿ ಅಲ್ವಾ, ದಿನ ವೇಸ್ಟ್ ಆದ್ರೆ ಆಪರ್ಚುನಿಟಿ ಕಾಸ್ಟ್ ಎಷ್ಟು ಅಂತ ತಲೇಲಿ ಲೆಕ್ಕ ಓಡ್ತಿತ್ತು. ಮೂರು ದಿನಕ್ಕೆ ಹನ್ನೆರಡು ಜಾಗ ಪಟ್ಟಿ ಮಾಡಿಕೊಂಡು ಬಂದವಳು ನಾನು. ಆಗ ಹೊಳೀತು, ಅವರನ್ನ ಮಂಡಿಗಿಂತ ಹೆಚ್ಚು ಓಡಿಸ್ತಿದ್ದಿದ್ದು ನಾನೇ.

5/6
ಅಪ್ಪ ಶೂ ಬಿಚ್ಚಿದ್ರು. ಕುರ್ಚಿ ಬಾಡಿಗೆ ಸರಿಹೋಗಲಿ ಅಂತ ಗಂಟೆಗೊಂದು ಟೀ ತರಿಸಿದ್ರು. ನಾನು ಅವರ ಮಧ್ಯದಿಂದ ಎದ್ದು ಹಿಂದೆ ಮರದ ನೆರಳಿಗೆ ಹೋದೆ.

ಗೆಸ್ಟ್‌ಹೌಸ್ ಆಂಟಿ ಹೇಳಿದ ಕತೆನ ಅಮ್ಮ ಅಪ್ಪಂಗೆ ಹೇಳ್ತಿದ್ಲು. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ತರುವಾಗ ಒಂದು ಚೂರು ಇಲ್ಲಿ ಬಿತ್ತಂತೆ, ಪಕ್ಕದ ರುಮಸ್ಸಲ ಗುಡ್ಡ ಅದೇ ಅಂತೆ. ಬಿದ್ದಿದ್ದಕ್ಕೇ ಊರಿಗೆ ಉನವಟುನ ಅಂತ ಹೆಸರು ಬಂತು ಅನ್ನೋದು ಅಲ್ಲಿಯವರ ಮಾತು. "ನೋಡಿ, ಹನುಮಂತನೇ ಇಲ್ಲಿ ಸ್ವಲ್ಪ ಭಾರ ಇಳಿಸಿ ಹೋಗಿದಾನೆ" ಅಂದ್ಲು ಅಮ್ಮ. ಅಪ್ಪ ಜೋರಾಗಿ ನಕ್ಕರು. ಅವರಿಬ್ಬರೇ ಕೂತು ನಗೋದನ್ನ ನಾನು ಕೇಳಿ ಎಷ್ಟು ದಿನ ಆಗಿತ್ತೋ.

ಮಧ್ಯಾಹ್ನ ಮಾತು ನಿಂತಿತು. ನೋಡಿದ್ರೆ ಅಪ್ಪ ನಿದ್ದೆ. ಅಮ್ಮ ಅಭ್ಯಾಸದಂತೆ ಬಗ್ಗಿ ಅವರ ಎದೆ ಏರಿಳಿಯೋದನ್ನ ನೋಡಿದ್ಲು. ಸೆರಗನ್ನ ಮುಖದ ಮೇಲೆ ಎಳ್ಕೊಂಡ್ಲು. ಐದು ನಿಮಿಷಕ್ಕೆ ಅವಳೂ ನಿದ್ದೆ.

ಹಂಗಾಗಿ ಕಾವಲು ನಂದಾಯ್ತು. ಅಲೆ ಎಣಿಸೋ ಬದಲು ಅಪ್ಪನ ಉಸಿರು ಎಣಿಸಿದೆ. ವರ್ಷದಿಂದ ಅಮ್ಮ ರಾತ್ರಿ ಒಬ್ಬಳೇ ಮಾಡ್ತಿರೋ ಕೆಲಸ ಎಂಥದ್ದು ಅಂತ ಆವಾಗ ಗೊತ್ತಾಯ್ತು.

6/6
ಸಂಜೆ ಇಬ್ಬರೂ ನೀರಿಗಿಳಿದ್ರು. ಅಮ್ಮ ಸೀರೆ ಮೊಣಕಾಲವರೆಗೆ ಎತ್ತಿ ಹಿಡಿದಿದ್ಲು, ಅಪ್ಪ ಪ್ಯಾಂಟ್ ಮಡಚಿದ್ರು. ದೊಡ್ಡ ಅಲೆ ಬಂದಾಗ ಅಮ್ಮ ಅಪ್ಪನ ರಟ್ಟೆ ಹಿಡ್ಕೊಂಡ್ಲು. ಅಲೆ ಹೋಯ್ತು, ಕೈ ಬಿಡಲಿಲ್ಲ.

ನಮ್ಮನೆ ಆಲ್ಬಮ್ಮಲ್ಲಿ ಮದುವೆ ಫೋಟೋ ಬಿಟ್ರೆ ಅವರಿಬ್ಬರೇ ಇರೋ ಫೋಟೋ ಇಲ್ಲ. ಎಲ್ಲದರಲ್ಲೂ ಮಧ್ಯೆ ಅಕ್ಕ, ಇಲ್ಲಾಂದ್ರೆ ನಾನು. ಆವತ್ತು ಒಂದು ತೆಗೆದೆ. "ಹಾಕ್ಬೇಡ ಕಣೇ, ಊರೋರೆಲ್ಲ ನೋಡ್ತಾರೆ" ಅಂದ್ಲು ಅಮ್ಮ, ಆದ್ರೆ ತನ್ನ ಫೋನಿಗೆ ಕಳಿಸ್ಕೊಂಡ್ಲು. ಹಾಗಾಗಿ ಈ ಕೊನೇ ಫೋಟೋದಲ್ಲಿ ನಿಮಗೆ ಕಾಣೋದು ಬರೀ ಒಂದು ಜೊತೆ ಶೂ, ಒಂದು ಜೊತೆ ಚಪ್ಪಲಿ, ನಾಲ್ಕು ಖಾಲಿ ಟೀ ಲೋಟ.

ನಿಮ್ಮಪ್ಪ ಹಗಲಲ್ಲಿ ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ದನ್ನ ನೀವು ಕಡೇ ಸಲ ನೋಡಿದ್ದು ಯಾವಾಗ? ಕಾಮೆಂಟಲ್ಲಿ ಬರೀರಿ.

ನಾಲ್ಕನೇ ದಿನ: ಗಾಲೆ ಕೋಟೆ. ಎಂಟು ಗಂಟೆ ಆಗಿದೆ, ಅಪ್ಪ ಇನ್ನೂ ಎದ್ದಿಲ್ಲ. ಎಬ್ಬಿಸಬೇಡ ಅಂತ ಅಮ್ಮನ ಆರ್ಡರ್.