ಬಣ್ಣದ ಅಡಿಯ ಗುಟ್ಟು

ಮಕ್ಕಳೇ, ಬನಶಂಕರಿಯ ನಮ್ಮ ಮನೆಯ ಸಂಪಿಗೆ ಉಕ್ಕಿನ ತಗಡಿನ ಮುಚ್ಚಳವಿತ್ತು. ಮೇಲೆ ಹಸಿರು ಬಣ್ಣ ಹೊಳೆಯುತ್ತಿತ್ತು. ಒಂದು ದಿನ ಅದರ ಮೇಲೆ ಕಾಲಿಟ್ಟೆ, ತಗಡು ಕುಸಿಯಿತು! ಪುಣ್ಯಕ್ಕೆ ನೀರಿಗೆ ಬೀಳಲಿಲ್ಲ. ತಿರುಗಿಸಿ ನೋಡಿದರೆ ಒಳಮೈಯೆಲ್ಲ ತುಕ್ಕು.

ನೀರು ಮತ್ತು ಆಮ್ಲಜನಕ ಸೇರಿದರೆ ಉಕ್ಕಿಗೆ ತುಕ್ಕು. ಬಣ್ಣ ಅವನ್ನು ತಡೆಯುತ್ತದೆ. ಆದರೆ ಬಣ್ಣದಲ್ಲಿ ಕಣ್ಣಿಗೆ ಕಾಣದ ತೂತುಗಳಿದ್ದರೆ? ಅದನ್ನು ವಿದ್ಯುತ್ ಹೇಳಬಲ್ಲದು.

ಬಣ್ಣ ಬಳಿದ ತಗಡಿನ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಹಾಸಿದೆ. ಮಲ್ಟಿಮೀಟರಿನ ಒಂದು ತಂತಿಯನ್ನು ಬಟ್ಟೆಗೆ, ಇನ್ನೊಂದನ್ನು ಬಣ್ಣ ಕೆರೆದ ಅಂಚಿಗೆ ತಾಗಿಸಿದೆ. ರೋಧ ಮೀಟರಿನ ಅಳತೆಗೇ ಸಿಗಲಿಲ್ಲ. ಬಣ್ಣಕ್ಕೆ ಸೂಜಿಯಿಂದ ಚುಚ್ಚಿ ಮತ್ತೆ ಅಳೆದೆ. ರೋಧ ಥಟ್ಟನೆ ಇಳಿಯಿತು! ತೂತಿನಲ್ಲಿ ಉಪ್ಪುನೀರು ಉಕ್ಕನ್ನು ಮುಟ್ಟಿತ್ತು.

1948ರಲ್ಲಿ ಬೇಕನ್, ಸ್ಮಿತ್, ರಗ್ ಎಂಬ ವಿಜ್ಞಾನಿಗಳು ನೂರಾರು ಬಗೆಯ ಬಣ್ಣಗಳನ್ನು ಹೀಗೆಯೇ ಅಳೆದು ನೋಡಿದರು. ಒಂದು ಚದರ ಸೆಂಟಿಮೀಟರಿಗೆ 10 ಕೋಟಿ ಓಮ್‌ಗಿಂತ ಹೆಚ್ಚು ರೋಧವಿದ್ದರೆ ಬಣ್ಣ ಗಟ್ಟಿ. 10 ಲಕ್ಷಕ್ಕಿಂತ ಇಳಿದರೆ ಉಕ್ಕಿಗೆ ಅಪಾಯ. ತುಕ್ಕು ಕಾಣುವ ಮೊದಲೇ ಎಚ್ಚರಿಕೆ!

ಶಿಕ್ಷಕರ ಜೊತೆ ನೀವೂ ಮಾಡಿ ನೋಡಿ. ತಂತಿಗಳನ್ನು ಗೋಡೆಯ ಪ್ಲಗ್ಗಿಗೆ ಮಾತ್ರ ತಾಗಿಸಬೇಡಿ. ಸಂಪಿನ ಮುಚ್ಚಳ ಎಷ್ಟೇ ಹೊಳೆಯಲಿ, ಅದರ ಮೇಲೆ ನಿಲ್ಲಬೇಡಿ. ಅದನ್ನೊಮ್ಮೆ ತಿರುಗಿಸಿ ನೋಡುವಂತೆ ಮನೆಯ ಹಿರಿಯರಿಗೆ ಇಂದೇ ಹೇಳಿ.